ಗಾಡಿಯ ಬಾಯಿ

ಚೈತ್ರದ ಪಾಡ್ಯದ ಬೆಳಿಗ್ಗೆ, ಬಿಸಿಲು ಇನ್ನೂ ಕಂಪೌಂಡ್ ಗೋಡೆ ದಾಟಿರಲಿಲ್ಲ. ಸುಮಿತ್ರಾಬಾಯಿ ಆರತಿ ತಟ್ಟೆ ಹಿಡಿದು ಹೊಸ ಗಾಡಿಯ ಮುಂದೆ ಸುಮ್ಮನೆ ನಿಂತುಬಿಟ್ಟಿದ್ದಳು. ಸೊಲ್ಲಾಪುರದ ವಿಜಾಪುರ ರಸ್ತೆಯ ಆ ಮನೆಗೆ ಬಂದ ಗಾಡಿಗಳಿಗೆಲ್ಲ ಪೂಜೆ ಮಾಡಿದವಳು ಅವಳೇ. ಬಾನೆಟ್ ಎತ್ತಿಸಿ ಇಂಜಿನ್ನಿಗೆ ಅರಿಷಿಣ ಕುಂಕುಮ ಹಚ್ಚಿದರೇನೇ ಅವಳಿಗೆ ಸಮಾಧಾನ. ಮಗ ಅವಿನಾಶ ತಂದ ಈ ಕರೆಂಟಿನ ಗಾಡಿಯಲ್ಲಿ ಬಾನೆಟ್ ಎತ್ತಿದರೆ ಒಂದು ಪ್ಲಾಸ್ಟಿಕ್ ಡಬ್ಬಿ, ಅಷ್ಟೇ.

"ಇದಕ್ಕ ಇಂಜಿನ್ನೇ ಇಲ್ಲಲ್ಲೋ ಬೀರಣ್ಣಾ. ಪೂಜಿ ಎಲ್ಲಿ ಮಾಡ್ಲಿ?"

"ಇಂಜಿನ್ ಇಲ್ರಿ ಅವ್ವಾರ, ಬಾಯಿ ಐತಿ ನೋಡ್ರಿ," ಎಂದು ಡ್ರೈವರ್ ಬೀರಣ್ಣ ನಗುತ್ತ ಚಾರ್ಜಿಂಗಿನ ಮುಚ್ಚಳ ತೆಗೆದು ತೋರಿಸಿ, ಗಾಲಿಗಳಿಗೆ ನಿಂಬೆಹಣ್ಣು ಇಡಲು ಹೋದ. ಸುಮಿತ್ರಾಬಾಯಿ ಆ ಬಾಯಿಗೇ ಹಸಿ ಅರಿಷಿಣ ಬಳಿದು, ನಾಲ್ಕು ಅಕ್ಷತೆ ಹಾಕಿ ಕೈಮುಗಿದಳು. ರಾತ್ರಿ ವೈರು ಹಚ್ಚುವಾಗ ಬೀರಣ್ಣ ಅದನ್ನು ಕಂಡ. ಪೂಜೆಯ ಅರಿಷಿಣ ಒರೆಸುವುದುಂಟೇ? ಹಾಗೇ ಬಿಟ್ಟ.

ಬೀರಣ್ಣ ನಾಗಣಸೂರದವನು, ಕುರಿ ಸಾಕುವ ಮನೆತನ. ಹಣೆಯ ಮೇಲೆ ದಿನವೂ ಬೀರೋಬ ದೇವರ ಭಂಡಾರದ ಅರಿಷಿಣ ಇರಲೇಬೇಕು. ಚಿಕ್ಕಂದಿನಲ್ಲಿ ಅವಿನಾಶನನ್ನು ಸಾಲಿಗೆ ಬಿಟ್ಟು ಕರೆತಂದವನು ಅವನೇ. ಅವಿನಾಶ ಅವನನ್ನು ಮಾಮಾ ಎಂದೇ ಕರೆಯುತ್ತಿದ್ದ.

ಗುರುವಾರ ಮೂವರೂ ಅಕ್ಕಲಕೋಟಕ್ಕೆ ಹೊರಟರು. ವಳಸಂಗ ದಾಟುತ್ತಲೇ ಗಾಡಿ ಮೆತ್ತಗಾಗಿ, ಒಂದು ಜಾಲಿಗಿಡದ ಹತ್ತಿರ ನಿಂತೇಬಿಟ್ಟಿತು.

"ರಾತ್ರಿ ಚಾರ್ಜ್ ಹಚ್ಚಿದ್ದೀ ಇಲ್ಲೋ, ಬೀರಣ್ಣಾ?" ಅವಿನಾಶನ ಬಾಯಲ್ಲಿ ಮಾಮಾ ಬರಲಿಲ್ಲ.

"ಹಚ್ಚಿದ್ದೆರಿ. ಮುಂಜಾನಿ ಕೆಂಪು ದೀಪ ಬಂದಿತ್ತು, ನಿಮಗ ತೋರಿಸಿದೆ. ಅಪ್‌ಡೇಟ್ ಇರಬೇಕು ನಡಿ ಅಂದ್ರಿ."

"ಹೊಸಾ ಗಾಡಿ ನಿನಗ ನೀಗಂಗಿಲ್ಲ. ಬ್ಯಾರೆ ಯಾರನ್ನರೆ ನೋಡ್ತೀನಿ ನಾ."

ಕಾಯಂ ನೌಕರಿ ಒಂದು ಮಾತಿನಲ್ಲಿ ಹೋಗುವ ಹಾಗಾಯಿತು. ಗಾಡಿಯನ್ನು ಟ್ರಕ್ಕಿನ ಮೇಲೆ ಹೇರಿ ಸೊಲ್ಲಾಪುರಕ್ಕೆ ತಂದರು.

ಸರ್ವಿಸ್ ಸೆಂಟರಿನ ಸ್ವಪ್ನಿಲ ಮುಚ್ಚಳ ತೆಗೆದು ಟಾರ್ಚಿನ ಬೆಳಕು ಬಿಟ್ಟ. "ಗಾಡೀದು ಏನೂ ತಪ್ಪಿಲ್ರಿ ಶೇಠ. ಪಿನ್ನಿನ ತೂತಿನ್ಯಾಗ ಏನೋ ಹಳದಿ ಒಣಗಿ ಕುಂತೈತಿ. ವೈರು ಪೂರ್ತಿ ಒಳಗ ಹೋಗಂಗಿಲ್ಲ, ನಡುರಾತ್ರ್ಯಾಗ ಚಾರ್ಜ್ ಬಂದ್ ಆಗತೈತಿ."

ಅವಿನಾಶ ಬೀರಣ್ಣನ ಹಣೆ ನೋಡಿದ. "ಭಂಡಾರ! ಇಷ್ಟು ರೊಕ್ಕದ ಗಾಡಿಗೆ ಭಂಡಾರ ತುರುಕ್ಯಾನ! ಅಕ್ಕಲ್ ಐತಿ ಏನೋ ನಿನಗ? ನಾಳಿಂದ ಬರಬ್ಯಾಡ."

ಬೀರಣ್ಣ ನೆಲ ನೋಡುತ್ತ ನಿಂತಿದ್ದ. ಹೇಳಬಹುದಿತ್ತು, ಹೇಳಲಿಲ್ಲ. ಈಗ ಒಪ್ಪಿಕೊಳ್ಳಬೇಕಾದವಳು ಸುಮಿತ್ರಾಬಾಯಿ. ಪರರ ಎದುರು, ಮಗನ ಎದುರು. ಸೆರಗು ಸರಿಮಾಡಿಕೊಂಡಳು.

"ಅಂವಾ ಅಲ್ಲ. ನಾ ಹಾಕೀನಿ. ಪಾಡ್ಯಾಕ್ಕ."

"ಆಯೀ!" ಅವಿನಾಶ ಕಣ್ಣರಳಿಸಿ, ಆಮೇಲೆ ಹೊಟ್ಟೆ ಹಿಡಿದು ನಕ್ಕ. "ಗಾಡಿಗೂ ಉಣಸಾಕ ಹೋದೆಲ್ಲ! ಹೋಳಿಗಿ ಒಂದು ಉಳಿದಿತ್ತು ನೋಡು!"

ಸ್ವಪ್ನಿಲನೂ ನಕ್ಕ. ಚಿಮಟಿಗೆಯಿಂದ ಅಕ್ಕಿಕಾಳು ತೆಗೆದು, "ಕಾಕೂ, ನೈವೇದ್ಯ ವಾಪಸ್ ತಗೋರಿ," ಎಂದ. ಎಲ್ಲರೂ ನಕ್ಕರು. ಅವಿನಾಶ ಬೀರಣ್ಣನ ಹೆಗಲು ತಟ್ಟಿ, "ನಡಿ ಮಾಮಾ, ಗಾಡಿ ತಗಿ," ಎಂದ. ಬೀರಣ್ಣ ಗಾಡಿ ತೆಗೆದ. ದಾರಿಯಲ್ಲೆಲ್ಲ ಸಪ್ಪಳವೇ ಇಲ್ಲದ ಗಾಡಿ, ಮಾತೇ ಇಲ್ಲದ ಬೀರಣ್ಣ.

ಐತವಾರ ಮುಂಜಾನೆ ಅವನು ಕೀಲಿಕೈ ತಂದು ಸುಮಿತ್ರಾಬಾಯಿಯ ಮುಂದೆ ಇಟ್ಟ.

"ಹುಡುಗ ಬುದ್ಧಿ ಅವಂದು. ಮನಸಿಗೆ ಹಚ್ಕೋಬ್ಯಾಡೋ."

"ಹಂಗೇನಿಲ್ರಿ ಅವ್ವಾರ. ಕುರಿ ಭಾಳ ಆಗ್ಯಾವ, ತಮ್ಮಗ ಒಬ್ಬಗ ಆಗವಲ್ದು."

ಅವಳು ಚಹಾ ಕೊಟ್ಟಳು. ನಿಂತೇ ಕುಡಿದ. ಕಪ್ಪನ್ನು ಹಿತ್ತಲ ನಳದಡಿ ತಾನೇ ತೊಳೆದು, ಕಟ್ಟೆಯ ಮೇಲೆ ಬೋರಲಾಗಿ ಇಟ್ಟು, ಬೀರಣ್ಣ ಹೋದ.