ಫುಟ್‌ಪಾತಿಗೆ ಇಳಿದ ಕುರ್ಚಿಗಳು

“ಏಳಲೇ ಬೋಸುಡಿ, ಏಳು! ಇದೇನು ನಿಮ್ಮ ಹೊಲಗೇರಿ ಅಂತ ತಿಳದೀಯೇನ?”

ಹಂಚಿನ ಮೇಲಿನ ರೊಟ್ಟಿ ಇನ್ನೂ ಒಂದೇ ಮಗ್ಗಲು ಬೆಂದಿತ್ತು. ಬಸವಣ್ಣೆವ್ವ ತಲೆ ಎತ್ತುವಷ್ಟರಲ್ಲಿ ಹಿಂದಿನ ಹೋಟೆಲಿನ ಮಾಲೀಕ ಸಿದ್ದಲಿಂಗಪ್ಪನ ಬೂಟುಗಾಲು ಹಿಟ್ಟಿನ ಪರಾತಕ್ಕೆ ಬಡಿಯಿತು. ಜೋಳದ ಹಿಟ್ಟು ಮರಾಠಿ ನಾಡಿನ ಧನಕವಡಿಯ ರಸ್ತೆಯ ಮೇಲೆ ಚೆಲ್ಲಿತು, ಒಂದು ರಿಕ್ಷಾ ಅದನ್ನು ತುಳಿದುಕೊಂಡು ಹೋಯಿತು.

ಅವನ ಹಿಂದೆ ಪಾಲಿಕೆಯ ಅತಿಕ್ರಮಣ ತೆರವಿನ ಗಾಡಿ ನಿಂತಿತ್ತು. ನಾಲ್ವರು ಇಳಿದು ಅವಳ ಒಲೆ, ಸಿಲಿಂಡರು, ರೊಟ್ಟಿ ಬುಟ್ಟಿ, ಕಾದ ಹಂಚು ಎಲ್ಲವನ್ನೂ ಎತ್ತಿ ಗಾಡಿಗೆ ಒಗೆದರು. ಬುಟ್ಟಿಗೆ ಜೋತುಬಿದ್ದವಳನ್ನು ಒಬ್ಬ ಲಾಠಿಯಿಂದ ತಿವಿದು ದೂರ ನೂಕಿದ.

“ಸಾವಕಾರ್ರ, ಹನ್ನೆರಡು ವರ್ಷ ಆತ್ರಿ ಇಲ್ಲೇ ರೊಟ್ಟಿ ಬಡೀಲಿಕತ್ತು. ಇವತ್ತ ಯಾಕ್ರಿ?”

ಸಿದ್ದಲಿಂಗಪ್ಪ ತನ್ನ ಹೋಟೆಲಿನ ಬಾಗಿಲಿಗೆ ಅಂಟಿಸಿದ ಕಾಗದದತ್ತ ಕೈ ಮಾಡಿದ. ಕೊರೊನಾದಿಂದ ನೆಲಕಚ್ಚಿದ ಹೋಟೆಲುಗಳು ಎದ್ದು ನಿಲ್ಲಲಿ ಎಂದು ಪಾಲಿಕೆಯವರು ನಿಯಮ ಸಡಿಲಿಸಿದ್ದರು. ಇನ್ನು ಹೊರಗೆ, ಫುಟ್‌ಪಾತಿನ ಮೇಲೂ ಮೇಜು ಕುರ್ಚಿ ಹಾಕಿ ಊಟಕ್ಕೆ ಬಡಿಸಬಹುದು.

“ನನಗ ಪರ್ಮಿಶನ್ ಅದ. ನಿನಗ ಏನದ?”

ಮಧ್ಯಾಹ್ನದ ಹೊತ್ತಿಗೆ ಅವಳು ಕೂರುತ್ತಿದ್ದ ಜಾಗದಲ್ಲಿ ತೇಗದ ಬಣ್ಣದ ಆರು ಕುರ್ಚಿ ಬಂದು ಕೂತವು.

ಮರುದಿನ ಅವಳು ತನಗೂ ಜಾಗ ಕೊಡಿರೆಂದು ಅರ್ಜಿ ಬರೆಸಿ, ಗಂಡ ಕಾಡಪ್ಪನನ್ನು ಕರೆದುಕೊಂಡು ಪಾಲಿಕೆ ಕಚೇರಿಗೆ ಹೋದಳು. ಕಾಡಪ್ಪ ಸೆಂಟ್ರಿಂಗ್ ಕೆಲಸದವನು. ಎತ್ತರದ ಹಲಗೆಯ ಮೇಲೆ ನಿಂತರೆ ಹುಲಿ, ನೆಲಕ್ಕಿಳಿದರೆ ಯಾರ ಮುಖವನ್ನೂ ನೋಡದವನು. ಅವನು ಬಾಗಿಲಲ್ಲೇ ನಿಂತ. ಗುಮಾಸ್ತ ಅಂಬಾದಾಸ ಸೋಲಾಪುರದವನು, ಕನ್ನಡ ಬರುತ್ತಿತ್ತು. ಅವಳ ಅರ್ಜಿಯನ್ನು ಅವನು ಕೈಯಲ್ಲಿ ಮುಟ್ಟಲಿಲ್ಲ.

“ಅಲ್ಲೇ ಒಗಿ. ದೂರ ನಿಂದ್ರು. ಹೋಟೆಲ್ ಎಲ್ಲದ ನಿಂದು?”

“ಹೋಟೆಲ್ ಇದ್ದರ ಹಾದ್ಯಾಗ ಯಾಕ ಕುಂಡ್ರತಿದ್ದೆ ಸಾಹೇಬ್ರ?”

“ಮತ್ತ ಈ ಸವಲತ್ತು ನಿನಗಲ್ಲ. ಹೋಟೆಲಿನವರಿಗೆ. ಅವರು ಭಾಳ ಹಾನಿ ಅನುಭವಿಸ್ಯಾರ.”

“ರೋಗ ಹೋಟೆಲಿಗಷ್ಟ ಬಂದಿತ್ತೇನ್ರಿ? ಲಾಕ್‌ಡೌನಿನ್ಯಾಗ ನಾವು ಗಂಜಿ ನೀರು ಕುಡದು ಮಲಗೇವಿ. ಅದು ಹಾನಿ ಅಲ್ಲೇನ್ರಿ?”

ಅಂಬಾದಾಸ ಬಾಟಲಿ ಎತ್ತಿ ಅವಳ ಅರ್ಜಿಯ ಮೇಲೆ ಸ್ಯಾನಿಟೈಸರ್ ಹೊಡೆದ. ಆಮೇಲೆ ಅವಳು ನಿಂತ ನೆಲದ ಮೇಲೆ. ಆಮೇಲೆ, ಏನೋ ನೆನಪಾದವನಂತೆ, ಅವಳ ಕಾಲ ಮೇಲೂ. ಅಲ್ಲಿದ್ದವರೆಲ್ಲ ಮಾಸ್ಕಿನೊಳಗೇ ನಕ್ಕರು. ನಗು ಕಾಣಿಸಲಿಲ್ಲ, ಹೆಗಲುಗಳು ಕುಣಿಯುವುದು ಕಾಣಿಸಿತು.

“ಬಿಡ, ದೊಡ್ಡವರ ಕೂಡ ಹಗೀತನ ಬ್ಯಾಡ,” ಎಂದ ಕಾಡಪ್ಪ ದಾರಿಯಲ್ಲಿ.

“ಹಗೀತನ ನಾ ಸುರು ಮಾಡೀನೇನ?” ಎಂದಳು ಅವಳು. ಕಾಲ ಮೇಲಿನ ತಂಪು ಯಾವಾಗಲೋ ಆರಿಹೋಗಿತ್ತು. ಉರಿ ಮಾತ್ರ ಏರುತ್ತಲೇ ಇತ್ತು.

ಭಾನುವಾರ ಮಧ್ಯಾಹ್ನ ಹೋಟೆಲಿನ ಮುಂದೆ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಆಗ ಬಸವಣ್ಣೆವ್ವ ಬಂದಳು. ತಲೆಯ ಮೇಲೆ ಹಿಟ್ಟಿನ ಚೀಲ, ಕಂಕುಳಲ್ಲಿ ಪಕ್ಕದ ಮನೆಯಿಂದ ಕೇಳಿ ತಂದ ಹಂಚು, ಕೈಯಲ್ಲಿ ಚಿಮಣಿ ಎಣ್ಣೆಯ ಬಾಟಲಿ. ಅವಳ ಬೆನ್ನ ಹಿಂದೆ, ಅವಳ ರೊಟ್ಟಿ ತಿಂದೇ ಗೋಡೆ ಕಟ್ಟುತ್ತಿದ್ದ ಹತ್ತು ಹನ್ನೆರಡು ಆಳುಗಳು, ಕೈಗೊಂದು ಇಟ್ಟಿಗೆ. ಎಲ್ಲರ ಹಿಂದೆ ಕಾಡಪ್ಪ.

ಮೇಜುಗಳ ನಡುವೆ ಮೂರು ಇಟ್ಟಿಗೆ ಕೂಡಿಸಿ ಅವಳು ಒಲೆ ಹೂಡಿದಳು. ಉಳಿದವರು ಸುತ್ತ ಇಟ್ಟಿಗೆ ಹಾಕಿಕೊಂಡು ಅದರ ಮೇಲೆ ಕೂತರು.

ಸಿದ್ದಲಿಂಗಪ್ಪ ಓಡಿ ಬಂದ. “ಏ ಹಲ್ಕಟ್ ಹೆಂಗಸ! ಗಿರಾಕಿ ಊಟ ಮಾಡಾಕತ್ಯಾರ, ನಿಮ್ಮ ಮೈಲಿಗಿ ತಂದು ಸುರಿತೀಯೇನ!”

ಅವಳು ಎದ್ದು ನಿಂತಳು. ಅಲ್ಲಿ ಕೂತ ಪ್ರತಿಯೊಬ್ಬನಿಗೂ ತಿಳಿಯಲೆಂದು ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ ಕೂಗಿ ಹೇಳಿದಳು.

“ಕೇಳ್ರಿ ಎಲ್ಲಾರೂ! ಇವನ ಮನಿ ಮಂದಿಗೆಲ್ಲಾ ಜ್ವರ ಬಂದಾಗ ಇವನ ಬಳಗ ಒಬ್ಬರೂ ಹೊಸ್ತಿಲಾ ತುಳೀಲಿಲ್ಲ. ಹದಿನೈದು ದಿವಸ ನಾ ರೊಟ್ಟಿ ಕಟಗೊಂಡು ಹೋಗಿ ಬಾಗಿಲಿಗೆ ಜೋತು ಹಾಕೀನಿ. ಹೊಲ್ಯಾರಾಕಿ ರೊಟ್ಟಿ ನೆಕ್ಕಿ ನೆಕ್ಕಿ ತಿಂದು ಉಳದಾನ ಈ ಭಾಡ್ಯಾ! ಆವಾಗ ಎಲ್ಲಿ ಹೋಗಿತ್ತಲೇ ನಿನ್ನ ಮೈಲಿಗಿ?”

ಸಿದ್ದಲಿಂಗಪ್ಪನ ಮುಖ ಕಪ್ಪಿಟ್ಟಿತು. ಅವನ ಓಣಿಯವರೇ ಇಬ್ಬರು ತಾಟು ಬಿಟ್ಟು ಎದ್ದರು. ಅವರಲ್ಲೊಬ್ಬ ಬಿಟ್ಟೆದ್ದ ಕುರ್ಚಿಯನ್ನು ಕಾಡಪ್ಪ ಹಿಡಿದುಕೊಂಡ.

“ಕುರ್ಚಿ ಮುಟ್ಟಿದಿ ಅಂದ್ರ ಕಾಲು ಮುರೀತೀನಿ, ಸೂಳೇಮಗನ!”

ಕಾಡಪ್ಪ ಮೊದಲ ಸಲ ಅವನ ಮುಖವನ್ನು ನೆಟ್ಟಗೆ ನೋಡಿದ. ಕುರ್ಚಿಯನ್ನು ಮಗ್ಗಲಿಗೆ ಕೆಡವಿದ, ಅದರ ಕಾಲಿನ ಮೇಲೆ ಪಾದವಿಟ್ಟು ಒತ್ತಿದ. ಲಟ್ ಎಂದಿತು.

“ಮುರದೀನಿ ನೋಡ್ರಿ, ಸಾವಕಾರ್ರ.”

ಮುರಿದ ಕಾಲನ್ನು ಅವನು ಹೆಂಡತಿಯ ಕೈಗೆ ಕೊಟ್ಟ. ಅವಳು ಅದನ್ನು ಒಲೆಗೆ ತುರುಕಿ, ಚಿಮಣಿ ಎಣ್ಣೆ ಸುರಿದು ಕಡ್ಡಿ ಗೀರಿದಳು. ಹೊಸ ವಾರ್ನಿಶ್ ಭಗ್ಗನೆ ಹತ್ತಿಕೊಂಡಿತು. ಗಿರಾಕಿಗಳು ಮಕ್ಕಳನ್ನು ಎಳೆದುಕೊಂಡು ಓಡಿದರು. ಸಿದ್ದಲಿಂಗಪ್ಪ ಫೋನಿನಲ್ಲಿ ಅರಚುತ್ತಿದ್ದ. ತಿರುವಿನಾಚೆ ಪೊಲೀಸ್ ಗಾಡಿಯ ಸದ್ದು ಕೇಳಿಸಿತು. ಆಳುಗಳಲ್ಲಿ ಒಬ್ಬನೂ ಕೂತಲ್ಲಿಂದ ಏಳಲಿಲ್ಲ.

ಹಂಚು ಕಾಯಿತು. ಬಸವಣ್ಣೆವ್ವ ಮೊದಲನೆಯ ರೊಟ್ಟಿ ಬಡಿದು ಹಾಕಿದಳು, ಉರಿ ಸಣ್ಣಗಾದದ್ದು ಕಂಡು ಗಂಡನತ್ತ ಕೈ ಚಾಚಿದಳು.

“ಹಿಟ್ಟು ಇನ್ನ ಭಾಳ ಅದ. ಇನ್ನೊಂದು ಮುರಿ.”