ಮುಚ್ಚಳದೊಳಗಿನ ತಾರೀಖು

"ಕಣ್ಣು ಮುಚ್ಚಿದ್ದೀಯ ತಾನೆ? ಕಳ್ಳಾಟ ಬೇಡ," ಎಂದ ಗಂಡ.

"ಮುಚ್ಚಿದ್ದೀನಿ. ನೀವು ಹಾಕಿ," ಎಂದಳು ನೂಲಕ್ಕ.

ಅಂಗಡಿಯ ಹಿಂಬದಿಯ ಬೆಂಚಿನ ಮೇಲೆ ಎರಡು ಆಂಪ್ಲಿಫೈಯರುಗಳಿದ್ದವು. ಒಂದು ಅವಳು ಒಂಬತ್ತು ದಿನ ಕೂತು ಕಟ್ಟಿದ್ದು. ಇನ್ನೊಂದರಲ್ಲಿ ಗಂಡ ಹೊರಗಿನಿಂದ ತರಿಸಿದ ಅಂಗೈಯಗಲದ ಬೋರ್ಡು. ಅದನ್ನು ಕೂರಿಸಲು ಅವನಿಗೆ ಅರ್ಧ ಗಂಟೆಯೂ ಹಿಡಿದಿರಲಿಲ್ಲ. ಪೆಟ್ಟಿಗೆ ಎರಡಕ್ಕೂ ಒಂದೇ ಥರದ್ದು, ಸ್ಪೀಕರೂ ಒಂದೇ. ಅವನು ಒಂದೇ ಹಾಡನ್ನು ಮೊದಲು ಒಂದರಲ್ಲಿ, ಆಮೇಲೆ ಇನ್ನೊಂದರಲ್ಲಿ ಕೇಳಿಸಿದ. ನೂಲಕ್ಕನಿಗೆ ನಗು ಬಂತು. ಹೆತ್ತವಳಿಗೆ ತನ್ನ ಮಗುವಿನ ಅಳು ಗೊತ್ತಾಗುವುದಿಲ್ಲವೆ?

"ಎರಡನೇದು ನಂದು."

ಕಣ್ಣು ಬಿಟ್ಟು ನೋಡಿದರೆ ದೀಪ ಉರಿಯುತ್ತಿದ್ದದ್ದು ಹೊಸ ಬೋರ್ಡಿನ ಪೆಟ್ಟಿಗೆಯಲ್ಲಿ. ಇನ್ನೊಂದು ಸಲ ಹಾಕಿ ಎಂದಳು, ಇನ್ನೊಂದು ಸಲವೂ ತಪ್ಪಿದಳು. ಮೂರನೆಯ ಸಲ ಕೇಳುವ ಧೈರ್ಯ ಬರಲಿಲ್ಲ.

ನೂಲಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಪೆಟ್ಟಿಗೆಯೊಳಗಿನ ವೈರುಗಳನ್ನು ಮೇಣ ಹಚ್ಚಿದ ನೂಲಿನಿಂದ ಜಡೆಯಂತೆ ಕಟ್ಟುವುದರಲ್ಲಿ ಅವಳದು ಎತ್ತಿದ ಕೈ. ಕಲಿಸಿದವರು ಮಾವ. ಮಗನಿಗೆ ಮಾತು ಬರುತ್ತದೆ, ತಾಳ್ಮೆ ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಅವರು ಬೆಸುಗೆ ಕಡ್ಡಿಯನ್ನು ಸೊಸೆಯ ಕೈಗೆ ಕೊಟ್ಟಿದ್ದರು. "ಒಳಗೆ ಯಾರು ನೋಡ್ತಾರೆ ಅನ್ನಬೇಡಮ್ಮ. ಬಿಚ್ಚೋನು ಒಬ್ಬ ಬಂದೇ ಬರ್ತಾನೆ. ಅವನ ಮುಂದೆ ನಮ್ಮ ಮಾನ ಹೋಗಬಾರದು," ಎನ್ನುತ್ತಿದ್ದರು. ಕೆಲಸ ಮುಗಿದ ಮೇಲೆ ಮುಚ್ಚಳದ ಒಳಮೈಯಲ್ಲಿ ಪೆನ್ಸಿಲಿನಿಂದ ಆ ದಿನದ ತಾರೀಖು ಬರೆಯುವುದು ಅವರ ಪದ್ಧತಿ. ಅದಕ್ಕೂ ಒಂದು ಕಟ್ಟುಪಾಡಿತ್ತು: ನಿನ್ನ ಕೈಯಾರೆ ಮಾಡಿದ್ದರ ಮೇಲೆ ಮಾತ್ರ ಬರಿ.

"ನಿನ್ನ ಕೆಲಸ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ," ಎಂದ ಗಂಡ. ಅವನ ದನಿಯಲ್ಲಿ ಗೆದ್ದ ಜಂಬವಿರಲಿಲ್ಲ, ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು. "ಕಟ್ಟಿದವಳ ಕಿವಿಗೇ ಗೊತ್ತಾಗಲ್ಲ ಅಂದ ಮೇಲೆ, ಇಷ್ಟು ಕಷ್ಟ ಯಾರಿಗೋಸ್ಕರ ಹೇಳು?"

ಅವನು ಬೆಂಚಿನ ಕೆಳಗಿನಿಂದ ಇಟ್ಟಿಗೆಗಾತ್ರದ ಕಬ್ಬಿಣದ ತುಂಡೊಂದನ್ನು ಎತ್ತಿ ಅವಳ ಮುಂದಿಟ್ಟ.

"ಒಂದೇ ತೊಂದರೆ, ಹೊಸದು ಹಗುರ. ಜನ ಕೇಳೋಕೆ ಮುಂಚೆ ಎತ್ತಿ ನೋಡ್ತಾರೆ. ಇನ್ನು ಮೇಲೆ ಇದನ್ನ ತಳಕ್ಕೆ ಕೂರಿಸಿದರೆ ಸಾಕು. ನಿಂಗೂ ಬೆನ್ನುನೋವು ತಪ್ಪುತ್ತೆ."

ಮೇಲೆ ಥಳಕು, ಒಳಗೆ ಹುಳುಕು ಎಂದು ಅಂದುಬಿಡಬೇಕೆನ್ನಿಸಿತು. ಆದರೆ ಎರಡು ಸಲ ಸೋತ ಬಾಯಿಗೆ ಗಾದೆ ಶೋಭಿಸುವುದಿಲ್ಲ. ಸುಮ್ಮನೆ ನಾಲ್ಕು ತೂತು ಕೊರೆದು ಕಬ್ಬಿಣವನ್ನು ಕೂರಿಸಿ ಮುಚ್ಚಳ ಹಾಕಿದಳು. ಹದಿನಾರು ವರ್ಷದಲ್ಲಿ ಮೊದಲ ಬಾರಿಗೆ ತಾರೀಖಿಲ್ಲದ ಪೆಟ್ಟಿಗೆಯೊಂದು ಅವಳ ಬೆಂಚಿನಿಂದ ಅಂಗಡಿಯ ಮುಂಭಾಗಕ್ಕೆ ಹೋಯಿತು.

ಹಾಡಿನ ಟೀಚರ್ ಬಂದದ್ದು ಮಧ್ಯಾಹ್ನ. ಅವರ ಆಂಪ್ಲಿಫೈಯರ್ ಒಂದು ವಾರದಿಂದ ಮೌನವ್ರತ ಹಿಡಿದಿತ್ತು. ನೂಲಕ್ಕ ಬಿಚ್ಚಿದಳು. ಮುಚ್ಚಳದೊಳಗೆ ತನ್ನದೇ ಅಕ್ಷರದ ತಾರೀಖು, ಪಕ್ಕದಲ್ಲಿ ಮಾವ ಮೆಚ್ಚಿ ಹಾಕಿದ ಒಂದು ಗೀಟು. ಅವಳು ಕಟ್ಟಿದ ಮೊದಲ ಪೆಟ್ಟಿಗೆ ಅದು. ಕಪ್ಪು ವೈರಿನ ಉದ್ದಕ್ಕೂ, ಗಂಟಿನಿಂದ ಗಂಟಿಗೆ, ಬೆರಳು ತಾನಾಗಿಯೇ ನಡೆದು ಸುಟ್ಟುಹೋದ ಒಂದು ಬಿಡಿಭಾಗದ ಹತ್ತಿರ ನಿಂತಿತು. ಹತ್ತು ನಿಮಿಷದ ಕೆಲಸ. ಪೆಟ್ಟಿಗೆ ಮತ್ತೆ ಹಾಡಿತು. ಬೆಳಗಿನಿಂದ ಎದೆಯ ಮೇಲೆ ಕೂತಿದ್ದದ್ದು ಸ್ವಲ್ಪ ಸರಿದಂತಾಯಿತು.

"ಇಂಥದ್ದೇ ಇನ್ನೊಂದು ಬೇಕಿತ್ತು, ಮಕ್ಕಳಿಗೆ ಪಾಠ ಹೇಳೋ ಕೋಣೆಗೆ," ಎಂದರು ಟೀಚರ್. ಗಂಡ ತಂದಿಟ್ಟ ಹೊಸದನ್ನು ಎರಡೂ ಕೈಯಿಂದ ಎತ್ತಿ ನೋಡಿದರು. "ಅಬ್ಬ, ಒಳ್ಳೆ ಭಾರ ಇದೆ. ಒಳಗೂ ಹಳೇದರ ಥರಾನೇ ತಾನೆ?"

"ಅದೇ ಟೀಚರ್. ಇನ್ನೂ ಚೆನ್ನಾಗಿದೆ," ಎಂದ ಗಂಡ.

ಟೀಚರ್ ನೂಲಕ್ಕನ ಕಡೆ ತಿರುಗಿದರು. ಗಂಡನೂ ನೋಡಿದ, ಸುಮ್ಮನಿರು ಎಂದು ಕಣ್ಣಲ್ಲೇ ಬೇಡುತ್ತ. ಹೂಂ ಎಂದರೆ ಮುಗಿಯುತ್ತಿತ್ತು. ಅವಳು ಸ್ಕ್ರೂಡ್ರೈವರ್ ತೆಗೆದುಕೊಂಡಳು.

"ಬೇಡ ಕಣೆ," ಎಂದ ಗಂಡ, ಮೆಲ್ಲಗೆ.

ಅವಳು ನಾಲ್ಕು ಸ್ಕ್ರೂಗಳನ್ನೂ ಬಿಚ್ಚಿ, ಮುಚ್ಚಳ ತೆಗೆದು, ಹೊಸದನ್ನು ಹಳೆಯದರ ಪಕ್ಕಕ್ಕೆ ಸರಿಸಿದಳು. ಟೀಚರ್ ಕನ್ನಡಕ ಏರಿಸಿಕೊಂಡು ಅದರೊಳಗೊಮ್ಮೆ, ಇದರೊಳಗೊಮ್ಮೆ ಬಗ್ಗಿ ನೋಡಿದರು.

"ಅಯ್ಯೋ, ಹಳೇದರಲ್ಲಿ ಏನಮ್ಮ ಇಷ್ಟು ವೈರು. ಮನೆ ತುಂಬ ನೆಂಟರು ಬಂದ ಹಾಗಿದೆ," ಎಂದರು. "ಹೊಸದೇ ಚೊಕ್ಕವಾಗಿದೆ."

ಗಂಡ ಬಿಗಿಹಿಡಿದ ಉಸಿರು ಬಿಟ್ಟದ್ದು ಅವಳಿಗೆ ಕೇಳಿಸಿತು.

"ಆ ಕಬ್ಬಿಣ ಬರೀ ಭಾರಕ್ಕೆ ಹಾಕಿರೋದು ಟೀಚರ್," ಎಂದಳು ನೂಲಕ್ಕ. "ಬೇರೆ ಏನಕ್ಕೂ ಅಲ್ಲ."

"ಒಳ್ಳೇದೇ ಆಯ್ತು. ಮಕ್ಕಳ ಕೈ ತಾಗಿದರೂ ಬೀಳಲ್ಲ."

"ಕೆಟ್ಟರೆ ರಿಪೇರಿ ಆಗಲ್ಲ. ಆ ಬೋರ್ಡನ್ನೇ ಎಸೀಬೇಕು."

"ಈಗಿನ ಕಾಲದಲ್ಲಿ ಯಾವುದಮ್ಮ ರಿಪೇರಿ ಆಗುತ್ತೆ," ಎಂದರು ಟೀಚರ್, ಆಗಷ್ಟೇ ರಿಪೇರಿಯಾದ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು. "ಹೊಸದನ್ನ ಪ್ಯಾಕ್ ಮಾಡಿಕೊಡಿ."

ಗಂಡ ರಟ್ಟಿನ ಡಬ್ಬ ತರಲು ಒಳಗೆ ಹೋದ. ಅವಳ ಮುಖ ನೋಡಲಿಲ್ಲ. ಬೈಯಲೂ ಇಲ್ಲ, ಬೈದಿದ್ದರೆ ವಾಸಿಯಿತ್ತು.

ನೂಲಕ್ಕ ಮುಚ್ಚಳವನ್ನು ಬೋರಲು ಹಾಕಿದಳು. ರೂಢಿಯಂತೆ ಕಿವಿಯ ಹಿಂದಿನ ಪೆನ್ಸಿಲ್ ಕೈಗೆ ಬಂದಿತ್ತು. ಅದರ ಮೊನೆ ಖಾಲಿ ತಗಡಿನ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅವಳು ಪೆಟ್ಟಿಗೆಯೊಳಗೆ ಕೈ ಚಾಚಿ, ಬೋರ್ಡನ್ನು ಮುಟ್ಟದೆ, ತನ್ನ ಕೈಯಾರೆ ಕೂರಿಸಿದ ಕಬ್ಬಿಣದ ತುಂಡಿನ ಮೇಲೆ ಆ ದಿನದ ತಾರೀಖನ್ನು ಸಣ್ಣ ಅಂಕಿಗಳಲ್ಲಿ ಬರೆದಳು. ಮುಚ್ಚಳ ಇಟ್ಟು ನಾಲ್ಕು ಸ್ಕ್ರೂಗಳನ್ನೂ ಒಂದೊಂದಾಗಿ ಬಿಗಿದಳು.