ಪಾದ್ರಿ ಕಂಡ ಪ್ರಪಾತ

ಕಸ ಹೀರುವ ಯಂತ್ರಕ್ಕೆ ಪಾದ್ರಿ ಎಂದು ಹೆಸರಿಟ್ಟವಳು ದಾಲ್ಮಿರಾಳ ತಾಯಿ ಉಬಾಲ್ದಿನಾ. ದುಂಡಗೆ, ಕರ್ರಗೆ, ನೆಲ ನೋಡಿಕೊಂಡೇ ಓಡಾಡುತ್ತಿತ್ತು. ಬಾಯಿ ತೆರೆದರೆ ಉಪದೇಶ. ಅದೂ ಅವರ ಊರು ಬರಾಂಕಿಯಾದಲ್ಲಿ ನಾಯಿಯೂ ಬೊಗಳದಂಥ ಮ್ಯಾಡ್ರಿಡ್ಡಿನ ಶುದ್ಧ ಭಾಷೆಯಲ್ಲಿ.

ಆ ಮನೆಯಲ್ಲಿ ಪೊರಕೆಗೆ ಇಪ್ಪತ್ತನಾಲ್ಕು ವರ್ಷದಿಂದ ಬಹಿಷ್ಕಾರ. ದಾಲ್ಮಿರಾಗೆ ಹತ್ತೊಂಬತ್ತಾಗಿದ್ದಾಗ ಪಕ್ಕದ ಮನೆಯ ಕೆಲಸದಾಕೆ ಅಜಾಗರೂಕತೆಯಿಂದ ಅವಳ ಕಾಲ ಮೇಲೆ ಪೊರಕೆ ಆಡಿಸಿದ್ದಳು. ಕಾಲಿಗೆ ಪೊರಕೆ ತಗುಲಿದ ಹುಡುಗಿಗೆ ಮದುವೆಯಿಲ್ಲ ಎನ್ನುವುದು ಬೀದಿಗೆಲ್ಲ ಗೊತ್ತು. ಮದುವೆ ಗೊತ್ತಾಗಿದ್ದ ಗಂಡು ಅದೇ ತಿಂಗಳು ಗಡಿಯಾಚೆಯ ಮರಕೈಬೋಗೆ ಓಡಿಹೋದ. ಅಂದಿನಿಂದ ದಾಲ್ಮಿರಾ ಕೆಲಸಕ್ಕೆ ಹೋದಮೇಲೆ ಮಾತ್ರ ತಾಯಿ ಕದ್ದು ಕಸ ಗುಡಿಸುತ್ತಿದ್ದಳು. ಈಗ ಮೊಣಕಾಲು ಕೈಕೊಟ್ಟಿತ್ತು. ಔಷಧಿ ಅಂಗಡಿಯ ತುಲಿಯೊ ಪ್ರತಿ ಮಂಗಳವಾರ ತಾನೇ ಬಂದು ಮುಲಾಮು ಕೊಟ್ಟು ಹೋದರೂ, ಉಬಾಲ್ದಿನಾ ಪ್ರತಿ ಮಂಗಳವಾರ ತುಟಿಗೆ ಬಣ್ಣ ಹಚ್ಚಿಕೊಂಡರೂ ನೋವು ಮಾತ್ರ ಗುಣವಾಗುವ ಲಕ್ಷಣ ಕಾಣಲಿಲ್ಲ. ಹಾಗಾಗಿ ದಾಲ್ಮಿರಾ ಪಾದ್ರಿಯನ್ನು ತಂದಳು.

ಭಾನುವಾರ ಮಧ್ಯಾಹ್ನ ಭೂಗೋಳದ ಮೇಷ್ಟ್ರು ಎವುಕ್ಲಿದೆಸ್ ಊಟಕ್ಕೆ ಬಂದು, ಉಬಾಲ್ದಿನಾಳ ಎದುರು ಕೂತು, ದಾಲ್ಮಿರಾಳ ಕೈ ಕೇಳುವವನಿದ್ದ. ನಲವತ್ತಮೂರಕ್ಕೆ ಬಂದ ಕೊನೆಯ ಬಸ್ಸು ಎಂದು ತಾಯಿ ಹೇಳುತ್ತಿದ್ದಳು; ಸೀಟು ಮಾತ್ರ ಸಿಗದಂತೆ ತಾನೇ ಬಾಗಿಲಿಗೆ ಅಡ್ಡ ನಿಂತಿದ್ದಳು.

ಶನಿವಾರವೇ ಪಾದ್ರಿ ಕೈಯೆತ್ತಿತು. ಆ ಮನೆಯ ನೆಲಕ್ಕೆ ಚದುರಂಗದ ಮಣೆಯಂತೆ ಬಿಳಿ, ಕರಿ ಕಲ್ಲು ಹಾಸಿತ್ತು. ಬಿಳಿ ಹಾಸುಗಲ್ಲಿನ ತುದಿಗೆ ಹೋಗಿ, ಕರಿ ಕಲ್ಲನ್ನು ಕಂಡು ಹಿಂದೆ ಸರಿದು, ಘೋಷಿಸಿತು:

"ಮುಂದೆ ಪ್ರಪಾತವಿದೆ. ದಯಮಾಡಿ ನನ್ನನ್ನು ಸುರಕ್ಷಿತ ಸ್ಥಳಕ್ಕೆ ಒಯ್ಯಿರಿ."

"ಎಲ್ಲಿದೆಯೋ ಪ್ರಪಾತ, ಬೊಗಳೆ ಪಾದ್ರಿ? ನಮ್ಮಪ್ಪ ಹಾಕಿಸಿದ ನೆಲ ಇದು!" ಎಂದಳು ಉಬಾಲ್ದಿನಾ. "ಹಸಿವಿರಬೇಕು ಕಣೇ ಇದಕ್ಕೆ." ಪೇರಲೆ ಹಲ್ವಾ ಮುರಿದು ಅದರ ಮುಂದೆ ಉದುರಿಸಿದಳು. ಅದು ಬಿಳಿಗಲ್ಲಿನ ಮೇಲಿದ್ದಷ್ಟನ್ನು ತಿಂದು, ಕರಿಗಲ್ಲಿನದನ್ನು ಬಿಟ್ಟಿತು. "ನೋಡು, ವ್ರತ!"

ದಾಲ್ಮಿರಾ ಉಗುರಿನ ಅಲಂಕಾರದ ಅಂಗಡಿಯವಳು. ಸಲಕರಣೆಗಳ ಪೆಟ್ಟಿಗೆ ಬಿಚ್ಚಿ, ಪಾದ್ರಿಯನ್ನು ಅಂಗಾತ ಕೆಡವಿದಳು. ಹೊಟ್ಟೆಯಂಚಿನಲ್ಲಿ ನಾಲ್ಕು ಪುಟ್ಟ ಕಿಟಕಿಗಳು. ಹತ್ತಿ ಕಡ್ಡಿಯಿಂದ ಒಂದೊಂದನ್ನೂ ಒರೆಸಿದಳು. ಬಿಟ್ಟರೆ ಮತ್ತೆ ಪ್ರಪಾತ. ಧೂಳಿನ ತಪ್ಪಲ್ಲ ಅಂದಾಯಿತು. ಎತ್ತಿ ಮುಂದಿನ ಬಿಳಿಗಲ್ಲಿನ ಮೇಲಿಟ್ಟರೆ ಸಲೀಸಾಗಿ ಓಡಿತು. ಕರಿಗಲ್ಲು ಬಂದೊಡನೆ ತಡೆದು ನಿಂತಿತು. ಆಗ ಹೊಳೆಯಿತು. ಕಣ್ಣಿಗೆ ಕಾಣದ ಬೆಳಕನ್ನು ಕಿಟಕಿಗಳು ಕೆಳಗೆ ಬಿಡುತ್ತವೆ, ನೆಲಕ್ಕೆ ತಗುಲಿ ಅದು ವಾಪಸು ಬಂದರೆ ನೆಲವಿದೆಯೆಂದು ನಂಬಿಕೆ. ಕರಿಗಲ್ಲು ಬೆಳಕನ್ನೆಲ್ಲ ನುಂಗಿಬಿಡುತ್ತದೆ. ವಾಪಸು ಬರಲಿಲ್ಲ ಎಂದರೆ, ಪಾಪ, ಪಾತಾಳವೇ.

"ಮೇಲಿಂದ ಉತ್ತರ ಬರ್ಲಿಲ್ಲ ಅಂದ್ರೂ ಪಾದ್ರಿಗಳು ನಂಬ್ತಾರೆ, ಕೆಳಗಿಂದ ಬರ್ಲಿಲ್ಲ ಅಂದ್ರೆ ಇದು ನಂಬಲ್ಲ," ಎಂದು ಗೊಣಗಿ, ಉಗುರಿಗೆ ಅಂಟಿಸುವ ಬಿಳಿ ಪಟ್ಟಿಯನ್ನು ಕತ್ತರಿಸಿ ನಾಲ್ಕೂ ಕಣ್ಣಿಗೆ ಮೆತ್ತಿದಳು. ಈಗ ಎಲ್ಲಿ ನೋಡಿದರೂ ಅದಕ್ಕೆ ಬಿಳಿ ನೆಲವೇ. ಮನೆಯಿಡೀ ಗುಡಿಸಿತು.

ಹೊಟ್ಟೆಯ ಕಡೆ ನೋಡಿದವಳು ಮೂತಿಯ ಕಡೆ ನೋಡಲಿಲ್ಲ. ಮುಂದಿನ ಅರ್ಧಚಂದ್ರದ ಪಟ್ಟಿ ತಗುಲಿದರೆ ಒಳಗೆ ಒತ್ತಿಕೊಳ್ಳಬೇಕು, ಆಗಲೇ ಎದುರಿಗೆ ಏನೋ ಇದೆಯೆಂದು ಪಾದ್ರಿಗೆ ತಿಳಿಯುವುದು. ಆ ಸಂದಿಯ ತುಂಬ ಪೇರಲೆ ಹಲ್ವಾ ಅಂಟಿಕೊಂಡು ಗಟ್ಟಿಯಾಗಿತ್ತು.

ಭಾನುವಾರ ಊಟ ಮುಗಿದು ಮೂವರೂ ಮುಂಜಗಲಿಯ ತೂಗುಕುರ್ಚಿಗಳಲ್ಲಿ ಕೂತರು. ಎವುಕ್ಲಿದೆಸ್ ಗಂಟಲು ಸರಿಮಾಡಿಕೊಂಡ.

"ಡೋನ್ಯಾ ಉಬಾಲ್ದಿನಾ, ನಾನು ಬಂದ ವಿಷಯ ಏನಪ್ಪಾ ಅಂದ್ರೆ..."

ಒಳಗಿನಿಂದ ಪಾದ್ರಿ ಹೊರಟು ಬಂದು ದಾಲ್ಮಿರಾಳ ಚಪ್ಪಲಿಗೆ ಮೂತಿ ಒತ್ತಿತು. ಹಿಂದೆ ಸರಿಯಲಿಲ್ಲ. ಪಕ್ಕದ ಮೂರು ಕುಚ್ಚಿನ ಬ್ರಷ್ಷು ಗರಗರ ತಿರುಗುತ್ತ ಅವಳ ಹತ್ತೂ ಬೆರಳನ್ನು ಶ್ರದ್ಧೆಯಿಂದ ಗುಡಿಸಿತು.

"ಯೇಸುವೇ! ಹೋಯ್ತು!" ಉಬಾಲ್ದಿನಾ ಎದೆ ಮುಟ್ಟಿಕೊಂಡಳು. "ಮೇಷ್ಟ್ರೇ, ನೀವಿನ್ನು ಹೊರಡಿ. ಈ ಮದುವೆ ನಡೆಯಲ್ಲ."

"ಅಮ್ಮಾ, ಅದು ಪೊರಕೆ ಅಲ್ಲ."

"ಮೂರೇ ಕಡ್ಡಿ ಇದ್ರೂ ಪೊರಕೆ ಪೊರಕೇನೇ."

"ನನ್ನ ಕಾಲೂ ಗುಡಿಸ್ಲಿ ಬಿಡಿ," ಎಂದ ಎವುಕ್ಲಿದೆಸ್, ಬೂಟು ಬಿಚ್ಚುತ್ತ. "ಇಬ್ರಿಗೂ ಬೇರೆ ಯಾರೂ ಸಿಗಲ್ಲ. ಇನ್ನೂ ಒಳ್ಳೇದೇ ಆಯ್ತಲ್ಲ."

"ಮೊಂಡಾಟ ಬೇಡ. ನನ್ನ ಮಗಳನ್ನ ಹಾಳು ಮಾಡಕ್ಕೆ ನಾನು ಒಪ್ಪಲ್ಲ. ಮುಗೀತು ಅಂದ್ರೆ ಮುಗೀತು."

ದಾಲ್ಮಿರಾ ಕಾಲನ್ನು ಎಳೆದುಕೊಂಡಳು. ತಡೆ ತಪ್ಪಿದ ಪಾದ್ರಿ ನೇರ ಉಬಾಲ್ದಿನಾಳ ಕಡೆ ಹೊರಟಿತು.

ಮೊಣಕಾಲು ಮಡಚಲಾಗದ ಹೆಂಗಸು ಎರಡೂ ಕಾಲನ್ನು ಕುರ್ಚಿಯ ಮೇಲೆ ಎಳೆದುಕೊಂಡು ಕಪ್ಪೆಯಂತೆ ಕೂತಳು. ಕುರ್ಚಿ ಹಿಂದಕ್ಕೆ ತೂಗಿ ಗೋಡೆಗೆ ಬಡಿಯಿತು. "ತೆಗೀರೋ ಅದನ್ನ! ನನ್ನ ಕಾಲಿಗೆ ತಾಗಿಸ್ಬೇಡಿ!"



"ಅಮ್ಮಾ," ಎಂದಳು ದಾಲ್ಮಿರಾ ನಿಧಾನವಾಗಿ, "ಎಪ್ಪತ್ತೊಂದರ ವಿಧವೆಗೆ ಕಾಲು ಗುಡಿಸಿದ್ರೆ ಏನು ಹೋಗತ್ತೆ?"

"ಅರವತ್ತೊಂಬತ್ತು!"

"ಆಯ್ತು. ಏನು ಹೋಗತ್ತೆ?"

"ಕಚಗುಳಿ ಆಗತ್ತೆ."

ದಾಲ್ಮಿರಾ ಬೆನ್ನು ಬಗ್ಗಿಸಿ, ತುಲಿಯೊನ ಮೂಗಿನ ದನಿಯಲ್ಲಿ ಶುರುಮಾಡಿದಳು: "ಈ ಮುಲಾಮನ್ನ ನಿಧಾನಕ್ಕೆ, ಸುತ್ತಿ ಸುತ್ತಿ ಹಚ್ಕೋಬೇಕು, ಡೋನ್ಯಾ. ಬೇಕಾದ್ರೆ ನಾನೇ..."

ಉಬಾಲ್ದಿನಾಳ ಮುಖ ಪೇರಲೆಯ ತಿರುಳಿನಷ್ಟು ಕೆಂಪಾಯಿತು. ಕಾಲು ಮಾತ್ರ ಇಳಿಸಲಿಲ್ಲ. ಪಾದ್ರಿ ಕುರ್ಚಿಯ ಬುಡವನ್ನೇ ಗುಡಿಸುತ್ತಿತ್ತು.

"ಅದು... ಕರೆಂಟಿನ ಸಾಮಾನು," ಎಂದಳು ಕೊನೆಗೆ. "ಕರೆಂಟಿಂದು ಲೆಕ್ಕಕ್ಕಿಲ್ಲ. ಪೊರಕೆಗೆ ಹಿಡಿ ಇರ್ಬೇಕು."

"ಹಾಗಾದ್ರೆ ಮೇಷ್ಟ್ರು ಕೇಳಿದ್ದು?"

"ಅವ್ರು ಇನ್ನೂ ಕೇಳೇ ಇಲ್ವಲ್ಲ! ಬಾಯಿಬಿಟ್ಟು ಕೇಳ್ಲಿ, ಕೊಡ್ತೀನಿ. ಮೊದ್ಲು ಇದನ್ನ ಆಚೆ ತಳ್ಳಿ, ಕಾಲು ಜೋಮು ಹಿಡೀತು."

ಬರಿಗಾಲಿನ ಎವುಕ್ಲಿದೆಸ್ ಪಾದ್ರಿಯನ್ನು ಮೆಲ್ಲಗೆ ಒದ್ದು ಬೀದಿಯ ಕಡೆ ತಿರುಗಿಸಿದ. ಕಣ್ಣಿಗೆ ಬಿಳಿ ಪಟ್ಟಿ ಮೆತ್ತಿಸಿಕೊಂಡ ಅದು ಜಗಲಿಯ ಅಂಚಿಗೆ ಹೋಯಿತು, ಚೂರೂ ಅನುಮಾನಿಸಲಿಲ್ಲ, ಒಂದು ಉಪದೇಶವನ್ನೂ ಹೇಳಲಿಲ್ಲ, ಮೂರು ಮೆಟ್ಟಿಲು ಧಡಧಡ ಉರುಳಿ ಅಂಗಾತ ಬಿದ್ದಿತು.